ಕಿವಿಯ ಬುಡದ ಬಾವು

ನವಲಗುಂದದ ಎರೆಹೊಲದಲ್ಲಿ ದುಡಿಯುವವನಾಗಲಿ, ಕಲಘಟಗಿಯ ಮಲೆನಾಡಿನ ಸೆರಗಿನಲ್ಲಿ ಭತ್ತ ಬೆಳೆಯುವವಳಾಗಲಿ, ಕಿವಿಯ ಬುಡದಲ್ಲಿ ನೋವಿಲ್ಲದೆ ಮೆಲ್ಲಮೆಲ್ಲನೆ ಎರಡೂ ಕಡೆ ಉಬ್ಬಿಬಂದ ಬಾವನ್ನು ಕಂಡಾಗ ಮೊದಲು ಮಂಗನಬಾವೆಂದೇ ಬಗೆಯುವುದು ಸಹಜ. ಆದರೆ ಮಂಗನಬಾವು ಜ್ವರ ನೋವುಗಳೊಡನೆ ಬಂದು ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯತಕ್ಕದ್ದು. ತಿಂಗಳುಗಟ್ಟಲೆ ನಿಂತು, ಮುಟ್ಟಿದರೆ ಮೆತ್ತಗೆ ತೋರುವ ಬಾವಿನ ಕಾರಣ ಬೇರೆಯೇ ಇರಬಹುದು. ತನ್ನಲ್ಲಿ ಎಚ್‌ಐವಿ ಸೋಂಕು ಇದೆಯೆಂಬುದನ್ನೇ ಅರಿಯದವನಿಗೆ ಅದರ ಮೊದಲ ಸುಳಿವು ಕೆಲವೊಮ್ಮೆ ದೊರೆಯುವುದು ಈ ಬಾವಿನಿಂದಲೇ.

ಶಿಶುವು ಗರ್ಭದಲ್ಲಿ ರೂಪುಗೊಳ್ಳುವಾಗ ಕಿವಿಯ ಬುಡದ ಪರೋಟಿಡ್ ಎಂಬ ಲಾಲಾಗ್ರಂಥಿಯು ಉಳಿದವುಗಳಿಗಿಂತ ತಡವಾಗಿ ತನ್ನ ಹೊದಿಕೆಯನ್ನು ಪಡೆಯುವುದರಿಂದ, ಕೆಲವು ದುಗ್ಧಗ್ರಂಥಿಗಳು ಅದರ ಒಡಲಲ್ಲಿಯೇ ಸಿಕ್ಕಿ ಉಳಿಯುತ್ತವೆ. ಎಚ್‌ಐವಿಯಿಂದ ಅವು ಊದಿಕೊಂಡು ಜೊಲ್ಲಿನ ಕಿರುನಾಳಗಳನ್ನು ಒತ್ತಲು, ನಾಳಗಳು ಹಿಗ್ಗಿ ನೀರು ತುಂಬಿದ ಚೀಲಗಳಾಗುತ್ತವೆ. ಸೋಂಕುಳ್ಳ ವಯಸ್ಕರಲ್ಲಿ 100ಕ್ಕೆ 3ರಿಂದ 6 ಮಂದಿಗೆ ಇದುಂಟೆಂದು ವೈದ್ಯಗ್ರಂಥಗಳು ಹೇಳುತ್ತವೆ. ಇದು ಕ್ಯಾನ್ಸರಲ್ಲ. ಆದರೂ ಕ್ಷಯವೋ ದುಗ್ಧಗ್ರಂಥಿಯ ಅರ್ಬುದವೋ ಇದೇ ವೇಷದಲ್ಲಿ ಬರಬಹುದಾದ್ದರಿಂದ, ಸೂಜಿಯಿಂದ ದ್ರವವನ್ನು ತೆಗೆದು ಪರೀಕ್ಷಿಸದೆ ನಿಶ್ಚಿಂತರಾಗುವುದು ಯುಕ್ತವಲ್ಲ.

ಹೀಗೆ ಸೂಜಿ ಹಾಕಿದಾಗ ತೆಳುಹಳದಿಯ ನೀರು ಸಿರಿಂಜಿಗೆ ಏರಿಬರುತ್ತದೆ. ಕೆನ್ನೆ ಆ ಹೊತ್ತಿಗೇ ಸಮವಾಗುತ್ತದೆ. ಆದರೆ ಕೆಲವು ವಾರಗಳಲ್ಲಿ ಚೀಲ ಪುನಃ ತುಂಬಿಕೊಳ್ಳುವುದೇ ಹೆಚ್ಚು. ಆದಕಾರಣ ನೀರನ್ನು ತೆಗೆದ ಬಳಿಕ ಡಾಕ್ಸಿಸೈಕ್ಲಿನ್‌ನಂಥ ಔಷಧವನ್ನು ಒಳಗೆ ಬಿಟ್ಟು ಚೀಲದ ಗೋಡೆಗಳನ್ನು ಅಂಟಿಸುವ ಕ್ರಮವುಂಟು. ಶಸ್ತ್ರಕ್ರಿಯೆಗೆ ವೈದ್ಯರು ಅವಸರಪಡರು. ಏಕೆಂದರೆ ಕಣ್ಣು ಮುಚ್ಚಿಸುವ, ತುಟಿಯನ್ನು ನಗಿಸುವ ಮುಖನರವು ಈ ಗ್ರಂಥಿಯ ನಡುವೆಯೇ ಕವಲೊಡೆದು ಸಾಗುತ್ತದೆ.

ಮೂಲಚಿಕಿತ್ಸೆ ಮಾತ್ರ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಯೇ ಸರಿ. 2004ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಉಚಿತವಾಗಿ ಆರಂಭಗೊಂಡ ಈ ಚಿಕಿತ್ಸೆಯು, 2017ರಿಂದ ರಕ್ತದಲ್ಲಿನ ಸಿಡಿ4 ಎಂಬ ರೋಗನಿರೋಧಕ ಕಣಗಳ ಎಣಿಕೆ ಎಷ್ಟೇ ಇದ್ದರೂ ಸೋಂಕುಳ್ಳ ಎಲ್ಲರಿಗೂ ಸಲ್ಲುತ್ತದೆ. ವೈರಾಣು ತಗ್ಗಿದಂತೆ ಅನೇಕರಲ್ಲಿ ಬಾವೂ ತಿಂಗಳುಗಳಲ್ಲಿ ಕುಗ್ಗುತ್ತದೆ. 1957ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವಾಗಿ ತೊಡಗಿ ಕಿಮ್ಸ್ ಎಂದು ಜನಜನಿತವಾದ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವಿದೆ. ಕುಂದಗೋಳ, ಅಣ್ಣಿಗೇರಿಗಳಿಂದ ರೈಲಿನಲ್ಲಿಯೂ ಅಲ್ಲಿಗೆ ಬರಬಹುದು.

ಪ್ರಾಣಕ್ಕೆ ಅಪಾಯವಿಲ್ಲವೆಂಬ ಒಂದೇ ಮಾತಿನಿಂದ ಈ ಬಾವನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ನನಗೆ ಸಮ್ಮತವಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ, ಸಂತೆಗೆ ಹೋದರೂ ಮದುವೆಗೆ ಹೋದರೂ, ಸೆರಗಿನಿಂದಲೋ ಟವೆಲ್ಲಿನಿಂದಲೋ ಕೆನ್ನೆಯನ್ನು ಮರೆಮಾಡಿಕೊಂಡು ನಡೆಯಬೇಕಾದವರ ಸಂಕಟ ದೊಡ್ಡದು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯಿದೆಯು ರೋಗಿಯ ಗುಟ್ಟನ್ನು ಕಾಪಾಡಬೇಕೆಂದು ವಿಧಿಸಿದೆ. ಆದರೆ ದವಾಖಾನೆಯ ಕಾಗದದಲ್ಲಿ ಅಡಗಿದ ಗುಟ್ಟು ಮುಖದ ಮೇಲೆ ಊಹೆಗೆಡೆಗೊಟ್ಟರೆ ಕಾಯಿದೆ ಏನು ಮಾಡೀತು? ಮುಖ ಮೊದಲಿನಂತಾಗಲಿ ಎಂಬ ಬೇಡಿಕೆಯನ್ನು ವೈದ್ಯರು ಚಿಕಿತ್ಸೆಯ ಭಾಗವೆಂದೇ ಕೇಳಿಸಿಕೊಳ್ಳಬೇಕು.

ಹಾಗೆಯೇ ರೋಗಿಯೂ ಅರಿತಿರಬೇಕಾದುದೊಂದುಂಟು: ಬಾವು ಇಳಿದುದು ಸೋಂಕು ಹೋದುದರ ಗುರುತಲ್ಲ. ಕೆನ್ನೆ ಸಮವಾಯಿತೆಂದು ಗುಳಿಗೆ ಬಿಟ್ಟರೆ ವೈರಾಣು ಮತ್ತೆ ಹೆಚ್ಚುತ್ತದೆ, ಅದರೊಡನೆ ಬಾವೂ ಮರಳಬಹುದು.