ನೆರೆಯ ಮಹಾನಗರದಲ್ಲಿ ಎರಡು ದಿನಗಳು

ಬೀದರ, ಭಾಲ್ಕಿ, ಔರಾದಗಳ ಜನರಿಗೆ ಮಹಾನಗರವೆಂದರೆ ಮೊದಲು ನೆನಪಿಗೆ ಬರುವುದು ಬೆಂಗಳೂರಲ್ಲ, ಹೈದರಾಬಾದು. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಬೀದರದಿಂದ ಬೆಂಗಳೂರು ಸುಮಾರು 700 ಕಿಲೋಮೀಟರು ದೂರ; ಹೈದರಾಬಾದು ಸುಮಾರು 140 ಕಿಲೋಮೀಟರು ಮಾತ್ರ. 1956ನೆಯ ನವೆಂಬರ್ 1ರಂದು ಹೈದರಾಬಾದು ರಾಜ್ಯವು ಭಾಷಾನುಸಾರವಾಗಿ ಹಂಚಿಹೋದಾಗ ಬೀದರವು ಕನ್ನಡನಾಡನ್ನು ಸೇರಿತು. ಅದುವರೆಗೆ ಬೀದರ ಜಿಲ್ಲೆಯೊಳಗೇ ಇದ್ದ ಜಹೀರಾಬಾದು ಆಂಧ್ರಕ್ಕೆ ಹೋಯಿತು. ಗಡಿಯೇನೋ ಬದಲಾಯಿತು, ನಂಟು ಬದಲಾಗಲಿಲ್ಲ. ಮಗನ ಉದ್ಯೋಗ, ಮಗಳ ವಿದ್ಯಾಭ್ಯಾಸ, ಹಿರಿಯರ ಚಿಕಿತ್ಸೆ, ಮದುವೆಯ ಜವಳಿ, ಇವುಗಳಿಗಾಗಿ ನಮ್ಮವರು ಇಂದಿಗೂ ಶನಿವಾರ ಹೊರಟು ಭಾನುವಾರ ರಾತ್ರಿ ಹಿಂದಿರುಗುವುದುಂಟು.

ಹೀಗೆ ಹೋದವರು ಇಳಿದುಕೊಳ್ಳುವುದು ಸಾಮಾನ್ಯವಾಗಿ ನಗರದ ನಡುವಿನಲ್ಲಲ್ಲ. ಲಿಂಗಂಪಲ್ಲಿ, ಚಂದಾನಗರ, ಮಿಯಾಪುರ, ಕೂಕಟಪಲ್ಲಿ ಮೊದಲಾದ ಹೊರವಲಯಗಳಲ್ಲಿ. ನೆಂಟರ ಮನೆಗಳಿರುವುದೂ ಅಲ್ಲಿಯೇ, ಕಡಮೆ ಬಾಡಿಗೆಯ ಕೊಠಡಿಗಳು ದೊರೆಯುವುದೂ ಅಲ್ಲಿಯೇ. ಆಗ ಬಹುಮಂದಿಯ ಮನಸ್ಸಿನಲ್ಲಿ ಒಂದು ಕೊರಗು ಹುಟ್ಟುತ್ತದೆ: "ಊರಾಚೆ ಉಳಿದೆವು, ಎರಡು ದಿನವೂ ದಾರಿಯಲ್ಲಿಯೇ ಕಳೆದುಹೋಗುವುದಲ್ಲ!" ಈ ಕೊರಗು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಿಚಾರಿಸುವುದೇ ಈ ಭಾಷಣದ ಉದ್ದೇಶ.

ಮೊದಲು ನಮ್ಮ ದಾರಿ ಹೇಗೆ ಸಾಗುತ್ತದೆಂಬುದನ್ನು ನೋಡೋಣ. ವಿಕಾರಾಬಾದಿನಿಂದ ಬೀದರಕ್ಕೆ ರೈಲುಮಾರ್ಗವು 1930ರಲ್ಲಿ ಬಂದಿತು. 1932ರಲ್ಲಿ ಅದು ಪರಳಿ ವೈಜನಾಥದವರೆಗೆ ಬೆಳೆಯಿತು. ಭಾಲ್ಕಿಯೂ ಕಮಲನಗರವೂ ಈ ಮಾರ್ಗದ ಮೇಲಿವೆ. ಔರಾದ ಪಟ್ಟಣಕ್ಕೆ ಮಾತ್ರ ರೈಲಿಲ್ಲ; ಅಲ್ಲಿಯವರು ಬಸ್ಸಿನಲ್ಲಿ ಬೀದರಕ್ಕೆ ಬಂದು ಮುಂದಿನ ಪ್ರಯಾಣವನ್ನು ಕೈಕೊಳ್ಳಬೇಕು. ರೈಲು ವಿಕಾರಾಬಾದು, ಶಂಕರಪಲ್ಲಿ, ಲಿಂಗಂಪಲ್ಲಿಗಳನ್ನು ಹಾದು ನಗರವನ್ನು ಹೊಗುತ್ತದೆ. ಬಸ್ಸು ಜಹೀರಾಬಾದು, ಸಂಗಾರೆಡ್ಡಿ, ಪಟಾನಚೆರುಗಳನ್ನು ದಾಟಿ ಚಂದಾನಗರ, ಮಿಯಾಪುರ, ಕೂಕಟಪಲ್ಲಿಗಳ ಮೇಲೆ ಒಳಕ್ಕೆ ಬರುತ್ತದೆ. ಎರಡು ಮಾರ್ಗಗಳೂ ನಗರವನ್ನು ಪ್ರವೇಶಿಸುವುದು ಪಶ್ಚಿಮ ದಿಕ್ಕಿನಿಂದ. ಎಂದಮೇಲೆ ಈ ಪಶ್ಚಿಮದ ಹೊರವಲಯಗಳು ನಮ್ಮ ಪಾಲಿಗೆ ಊರಾಚೆಯವಲ್ಲ; ಊರಿನ ಹೆಬ್ಬಾಗಿಲಿನಂತಿರುವವು. ಕೊನೆಯ ನಿಲ್ದಾಣದವರೆಗೆ ಹೋಗಿ, ಗಂಟುಮೂಟೆಗಳೊಡನೆ ಅದೇ ದಾರಿಯಲ್ಲಿ ಹಿಂದಿರುಗುವವನು ಬಾಗಿಲಲ್ಲಿರುವ ಜಗಲಿಯನ್ನು ಬಿಟ್ಟು ಹಿತ್ತಲಿಗೆ ಹೋಗಿ ಬಂದವನಂತೆ. ಲಿಂಗಂಪಲ್ಲಿಯಲ್ಲಿಯೋ ಮಿಯಾಪುರದಲ್ಲಿಯೋ ಇಳಿದು, ಹೊರೆಯನ್ನು ಬಿಡಾರದಲ್ಲಿಟ್ಟು, ಬರಿಗೈಯಲ್ಲಿ ಒಳಕ್ಕೆ ಹೋಗುವುದು ಜಾಣತನ.

ಎರಡನೆಯ ವಿಷಯ, ದೂರವನ್ನು ಅಳೆಯುವ ಬಗೆ. ನಮ್ಮ ಊರುಗಳಲ್ಲಿ ದೂರವೆಂದರೆ ನಡೆಯುವ ದೂರ. ಮಹಾನಗರದಲ್ಲಿ ದೂರವೆಂದರೆ ಕಾಯುವ ಹೊತ್ತು ಮತ್ತು ಗಾಡಿಯನ್ನು ಬದಲಿಸುವ ಸಲಗಳು. ಲಂಡನ್ನಿನ ನೆಲದೊಳಗಿನ ರೈಲುಗಳಿಗೆ ಹ್ಯಾರಿ ಬೆಕ್ ಎಂಬ ನಕ್ಷೆಗಾರನು 1931ರಲ್ಲಿ ಒಂದು ಹೊಸ ಬಗೆಯ ನಕ್ಷೆಯನ್ನು ರಚಿಸಿದನು. ಅದು 1933ರಲ್ಲಿ ಅಚ್ಚಾಯಿತು. ಅದರಲ್ಲಿ ನಿಜವಾದ ಅಂತರಗಳಿಗೆ ಬೆಲೆಯಿಲ್ಲ. ನಿಲ್ದಾಣಗಳ ಕ್ರಮ ಮತ್ತು ಮಾರ್ಗಗಳು ಕೂಡುವ ಸ್ಥಳ, ಇವಿಷ್ಟೇ ಮುಖ್ಯ. ಪರಸ್ಥಳದವನಿಗೆ ತಿಳಿಯಬೇಕಾದುದೂ ಇವಿಷ್ಟೇ.

ಹೈದರಾಬಾದಿನ ಮೆಟ್ರೊ ರೈಲು 2017ರ ನವೆಂಬರಿನಲ್ಲಿ ಮಿಯಾಪುರದಿಂದ ಆರಂಭವಾಯಿತು. ಅದರ ಕೆಂಪು ಮಾರ್ಗವು 2018ರಲ್ಲಿ ಎಲ್.ಬಿ. ನಗರದವರೆಗೆ ಪೂರ್ಣವಾಯಿತು. ಮಿಯಾಪುರ, ಕೂಕಟಪಲ್ಲಿ, ಅಮೀರಪೇಟೆ, ಪಂಜಾಗುಟ್ಟ, ಖೈರತಾಬಾದು, ಲಕಡೀಕಾಪುಲ್, ನಾಂಪಲ್ಲಿ, ಮಹಾತ್ಮಾ ಗಾಂಧಿ ಬಸ್ ನಿಲ್ದಾಣ: ಈ ಎಂಟು ಹೆಸರುಗಳನ್ನು ಕ್ರಮವಾಗಿ ಮನದಟ್ಟು ಮಾಡಿಕೊಂಡವನಿಗೆ ನಗರದ ಬೆನ್ನೆಲುಬೇ ಕೈಗೆ ಸಿಕ್ಕಿದಂತಾಯಿತು. ಅಮೀರಪೇಟೆಯಲ್ಲಿ ನೀಲಿ ಮಾರ್ಗ ಕೂಡುತ್ತದೆ. ಅದು ಒಂದು ಕಡೆ ಸಿಕಂದರಾಬಾದಿನತ್ತಲೂ ಇನ್ನೊಂದು ಕಡೆ ರಾಯದುರ್ಗದ ಹೊಸ ಕಛೇರಿಗಳ ಬಡಾವಣೆಯತ್ತಲೂ ಹೋಗುತ್ತದೆ. ಮೆಟ್ರೊ ಗಾಡಿಗಳು ಕೆಲವೇ ನಿಮಿಷಗಳಿಗೊಮ್ಮೆ ಬರುವುದರಿಂದ ವೇಳಾಪಟ್ಟಿಯ ಚಿಂತೆಯಿಲ್ಲ. 2003ರಲ್ಲಿ ಆರಂಭವಾದ ಎಂ.ಎಂ.ಟಿ.ಎಸ್. ಎಂಬ ಉಪನಗರ ರೈಲು ಲಿಂಗಂಪಲ್ಲಿಯವರಿಗೆ ಬಹಳ ಅಗ್ಗದ ಸೌಕರ್ಯ. ಆದರೆ ಅದರ ಗಾಡಿಗಳು ವಿರಳ. ಹೊತ್ತನ್ನು, ಅದರಲ್ಲಿಯೂ ಭಾನುವಾರದ ಹೊತ್ತನ್ನು, ಮೊದಲೇ ವಿಚಾರಿಸಿಕೊಳ್ಳದೆ ಅದನ್ನು ನೆಚ್ಚಕೂಡದು. ಮನೆಯಿಂದ ನಿಲ್ದಾಣಕ್ಕೆ ನಡೆದು ಹೋಗಬಹುದೇ ಎಂಬುದನ್ನು ಬಿಡಾರ ಗೊತ್ತುಮಾಡುವಾಗಲೇ ಕೇಳಬೇಕು. ಹತ್ತು ನಿಮಿಷ ನಡಿಗೆಯ ಕೊಠಡಿ ಸ್ವಲ್ಪ ದುಬಾರಿಯಾದರೂ ದಿನಕ್ಕೆ ನಾಲ್ಕು ಸಲ ಆಟೋರಿಕ್ಷಾದವನೊಡನೆ ಚೌಕಾಶಿ ಮಾಡುವ ಪಾಡಿಗಿಂತ ಮೇಲು.

ಕನ್ನಡಿಗನಿಗೆ ಇನ್ನೊಂದು ಅನುಕೂಲವುಂಟು. ಅದನ್ನು ಆತನು ಅನೇಕ ವೇಳೆ ಗಮನಿಸುವುದಿಲ್ಲ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ತಲೆಕಟ್ಟಿನ ವ್ಯತ್ಯಾಸಕ್ಕೆ ಕಣ್ಣು ಹೊಂದಿಕೊಂಡಿತೆಂದರೆ, ತೆಲುಗು ಬಾರದವನೂ ಬಸ್ಸಿನ ಹಲಗೆಯನ್ನು ಅಕ್ಷರಕ್ಕಕ್ಷರ ಕೂಡಿಸಿ ಓದಬಲ್ಲನು. ಬೀದರದವನಾದರೋ ದಖನಿ ಉರ್ದುವನ್ನೂ ಅಷ್ಟಿಷ್ಟು ಬಲ್ಲನು. ಆತನು ಆ ನಗರದಲ್ಲಿ ಪೂರ್ತಿ ಪರಕೀಯನೆಂದು ಹೇಳುವುದು ಕಷ್ಟ.

ಇನ್ನು ಎರಡು ದಿನಗಳ ಹಂಚಿಕೆ. ಒಂದು ದಿನಕ್ಕೆ ಒಂದು ದಿಕ್ಕು ಎಂಬುದೇ ಇಲ್ಲಿಯ ಸೂತ್ರ. ಶನಿವಾರ ಹಳೆಯ ನಗರಕ್ಕೆ ಮೀಸಲಾಗಲಿ. ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿ ಮೆಟ್ರೊ ಇಳಿದರೆ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವೂ, 1591ರ ಚಾರ್‌ಮಿನಾರೂ, ಚೌಮಹಲ್ಲಾ ಅರಮನೆಯೂ ಒಂದೇ ಬದಿಗೆ ಸಿಕ್ಕುತ್ತವೆ. ವಸ್ತುಸಂಗ್ರಹಾಲಯಕ್ಕೂ ಅರಮನೆಗೂ ಶುಕ್ರವಾರ ಬಿಡುವು. ಆದುದರಿಂದ ವಾರಾಂತ್ಯದ ಯಾತ್ರಿಕನಿಗೆ ಅಡ್ಡಿಯಿಲ್ಲ. ಸಂಗ್ರಹಾಲಯದಲ್ಲಿ ಬಿದ್ರಿ ಕೆಲಸದ ಪಾತ್ರೆಗಳನ್ನು ಮರೆಯದೆ ನೋಡತಕ್ಕದ್ದು. ತನ್ನ ಊರಿನ ಕೋಟೆಯ ಮಣ್ಣಿನಿಂದ ಕಪ್ಪೇರಿದ ಲೋಹವು ಗಾಜಿನ ಬೀರುವಿನೊಳಗೆ ಕುಳಿತಿರುವುದನ್ನು ಕಂಡ ಬೀದರದ ಬಾಲಕನಿಗೆ ತನ್ನ ಊರಿನ ಬೆಲೆ ಹೊಸದಾಗಿ ತಿಳಿದೀತು.

ಭಾನುವಾರದ ಬೆಳಗು ಗೋಲ್ಕೊಂಡಕ್ಕೆ. ಅಲ್ಲಿಗೆ ಮೆಟ್ರೊ ಇಲ್ಲ. ಆದರೆ ಕೋಟೆಯು ನಗರದ ಪಶ್ಚಿಮಕ್ಕಿರುವುದರಿಂದ ಹೊರವಲಯದಲ್ಲಿ ಉಳಿದವರು ನಗರದ ನಡುವನ್ನು ಹೊಗದೆಯೇ ಗಚ್ಚಿಬೌಲಿಯ ಕಡೆಯಿಂದ ಹೋಗಬಹುದು. ಮುನ್ನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬಿಸಿಲೇರುವ ಮುನ್ನವೇ ಹತ್ತುವುದು ಲೇಸು. ಬಹಮನಿ ಅರಸರು ಬೀದರದಿಂದ ಆಳುತ್ತಿದ್ದಾಗ ಗೋಲ್ಕೊಂಡವು ಅವರ ತೆಲಂಗಾಣ ಪ್ರಾಂತದ ಕೋಟೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಸುಬೇದಾರನಾದ ಸುಲ್ತಾನ್ ಕುಲಿಯು ಸ್ವತಂತ್ರನಾದನು. ಆತನ ವಂಶದವನೇ ಮುಂದೆ ಹೈದರಾಬಾದನ್ನು ಕಟ್ಟಿಸಿದನು. ಇಂದು ನಾವು ಅಲ್ಲಿಗೆ ಹೋಗುವಂತೆ ಅಂದು ಅಲ್ಲಿಯವರು ರಾಜಕಾರ್ಯಕ್ಕಾಗಿ ಬೀದರಕ್ಕೆ ಬರುತ್ತಿದ್ದರು. ಸಮೀಪದ ಕುತುಬ್‌ಶಾಹಿ ಸಮಾಧಿಗಳನ್ನು ಕಂಡವರು, ನಮ್ಮ ಅಷ್ಟೂರಿನ ಗುಮ್ಮಟಗಳನ್ನು ನೆನೆದು ಹೋಲಿಸಿದರೆ, ಒಂದು ಪಾಠವನ್ನೇ ಓದಿದಂತಾಗುತ್ತದೆ.

ಆದರೆ ಎಲ್ಲರೂ ನೋಟಕ್ಕಾಗಿಯೇ ಹೋಗುವುದಿಲ್ಲ. ಆಸ್ಪತ್ರೆಯಲ್ಲಿರುವ ತಾಯಿಯನ್ನೋ ಅಣ್ಣನನ್ನೋ ನೋಡಲು ಹೋಗುವವರಿಗೆ ಈ ಮಾತುಗಳು ಹೆಚ್ಚು ಬೇಕಾದುವು. ಭೇಟಿಯ ಗಂಟೆ ತಪ್ಪಿದರೆ ಅವರ ಪ್ರಯಾಣವೇ ವ್ಯರ್ಥ. ನಿಜಾಮ್ಸ್ ವೈದ್ಯಸಂಸ್ಥೆಗೆ ಪಂಜಾಗುಟ್ಟದಲ್ಲಿಯೂ, ಉಸ್ಮಾನಿಯಾ ಆಸ್ಪತ್ರೆಗೆ ಉಸ್ಮಾನಿಯಾ ವೈದ್ಯಕೀಯ ಕಾಲೇಜಿನ ನಿಲ್ದಾಣದಲ್ಲಿಯೂ ಇಳಿಯಬೇಕು; ಎರಡೂ ಅದೇ ಕೆಂಪು ಮಾರ್ಗದಲ್ಲಿವೆ. ನಿಲ್ದಾಣಗಳು ಎತ್ತರದಲ್ಲಿದ್ದರೂ ಮೇಲಕ್ಕೊಯ್ಯುವ ಯಂತ್ರಗಳುಂಟು. ಮುದುಕರು ಮೆಟ್ಟಿಲು ಹತ್ತಬೇಕಾಗಿಲ್ಲ. ರೋಗಿಯ ಬಳಿ ಇರುಳು ಕಾವಲಿರುವವರು ಕೊನೆಯ ಮೆಟ್ರೊ ಗಾಡಿಯ ಹೊತ್ತನ್ನು ಬೆಳಿಗ್ಗೆಯೇ ಕೇಳಿ ಬರೆದಿಟ್ಟುಕೊಳ್ಳುವುದು ಒಳಿತು.

ಹಿಂದಿರುಗುವ ವಿಷಯದಲ್ಲಿ ಒಂದು ಎಚ್ಚರಿಕೆ. ಬೀದರದ ಗಾಡಿಯನ್ನು ಲಿಂಗಂಪಲ್ಲಿಯಲ್ಲಿಯೇ ಹತ್ತುವುದು ಸುಲಭವೆಂದು ತೋರುವುದು. ಆದರೆ ಗಾಡಿಯು ಮೂಲನಿಲ್ದಾಣದಲ್ಲಿಯೇ ತುಂಬಿರುವ ಸಂಭವವುಂಟು. ಸ್ಥಳವನ್ನು ಮೊದಲೇ ಕಾದಿರಿಸಿದವರು ಲಿಂಗಂಪಲ್ಲಿಯಲ್ಲಿ ಹತ್ತಲಿ; ಕಾದಿರಿಸದೆ ವೃದ್ಧರನ್ನೂ ಮಕ್ಕಳನ್ನೂ ಕರೆತಂದವರು ಹೊರಡುವ ನಿಲ್ದಾಣಕ್ಕೇ ಹೋಗಲಿ. ಔರಾದದವರಂತೂ ಬೀದರವನ್ನು ತಲುಪುವ ಹೊತ್ತಿನಿಂದ ಲೆಕ್ಕ ಹಾಕದೆ, ಬೀದರದಿಂದ ತಮ್ಮೂರಿಗೆ ಹೊರಡುವ ಕೊನೆಯ ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಇಲ್ಲವಾದರೆ ನಗರದಲ್ಲಿ ಉಳಿಸಿದ ಒಂದು ಗಂಟೆಯ ಬದಲಿಗೆ ಬೀದರದ ನಿಲ್ದಾಣದಲ್ಲಿ ಒಂದು ರಾತ್ರಿಯನ್ನೇ ತೆರಬೇಕಾದೀತು.

ಮಹಾನಗರವು ಪರಸ್ಥಳದವನನ್ನು ಹೆದರಿಸುವುದು ತನ್ನ ಗಾತ್ರದಿಂದಲ್ಲ, ತನ್ನ ಕ್ರಮವನ್ನು ಆತನಿಂದ ಮರೆಮಾಡುವುದರಿಂದ. ಯಾವ ದಿಕ್ಕಿನಿಂದ ಬಂದೆವು, ಯಾವ ಮಾರ್ಗ ಬೆನ್ನೆಲುಬು, ಯಾವ ಹೊತ್ತಿಗೆ ಹಿಂದಿರುಗಬೇಕು, ಈ ಮೂರನ್ನು ಅರಿತವನಿಗೆ ಹೊರವಲಯದ ಬಿಡಾರವು ಕೊರತೆಯಾಗಿ ಕಾಣದು. ಎರಡು ದಿನಗಳೂ ಸಾಕೆನಿಸಿಯಾವು.