ದಿಲ್ಕುಶಾ: ಸೂರು ಕಳೆದುಕೊಂಡ ಮಹಲು

ಪಾಳುಬಿದ್ದ ಮಹಲನ್ನು ಕಂಡಾಗ ‘ಇದನ್ನು ಕೆಡವಿದವರು ಯಾರು?’ ಎಂದು ನಾವು ಕೇಳುತ್ತೇವೆ. ‘ಸೂರು ಹೋದ ಮೇಲೆ ಮತ್ತೆ ಹೊದಿಸಲಿಲ್ಲವೇಕೆ?’ ಎಂದು ಕೇಳುವವರು ಕಡಿಮೆ. ಲಖನೌ ನಗರದ ದಿಲ್ಕುಶಾ ಕೋಠಿಯ ಮುಂದೆ ನಿಂತರೆ ಈ ಎರಡನೆಯ ಪ್ರಶ್ನೆಯೇ ಮುಖ್ಯವೆನಿಸುತ್ತದೆ.

ದಿಲ್ಕುಶಾ ಎಂದರೆ ಮನಸ್ಸಿಗೆ ಮುದ ನೀಡುವಂಥದು. 1800ರ ಆಸುಪಾಸಿನಲ್ಲಿ ಅವಧದ ನವಾಬ ಸಾದತ್ ಅಲಿ ಖಾನನಿಗಾಗಿ ಗೋಮತಿ ನದಿಯ ಬಳಿ ಇದನ್ನು ಕಟ್ಟಿಸಿದವನು ಮೇಜರ್ ಗೋರ್ ಔಸ್ಲೀ. ನವಾಬನಿಗೆ ಬೇಟೆಯ ತಂಗುದಾಣ, ಬೇಸಿಗೆಯ ಬಿಡಾರ ಎರಡೂ ಇದೇ. ನಮ್ಮ ತೊಟ್ಟಿಮನೆಗಳಂತೆ ನಡುವೆ ಅಂಗಳವಿಲ್ಲ. ಕಾರಣ, ಇದರ ಮಾದರಿ ಇಂಗ್ಲೆಂಡಿನ ನಾರ್ಥಂಬರ್ಲೆಂಡ್ ಪ್ರಾಂತ್ಯದ ಸೀಟನ್ ಡೆಲಾವಲ್ ಹಾಲ್. ಸರ್ ಜಾನ್ ವ್ಯಾನ್‌ಬ್ರೂ ರೂಪಿಸಿದ ಆ ಬಂಗಲೆ ಮುಗಿದದ್ದು 1728ರಲ್ಲಿ. ಅದನ್ನು ಕಟ್ಟಿಸಹೊರಟ ನೌಕಾಧಿಪತಿ ಜಾರ್ಜ್ ಡೆಲಾವಲ್ 1723ರಲ್ಲೇ ಕುದುರೆಯಿಂದ ಬಿದ್ದು ತೀರಿಕೊಂಡಿದ್ದ. ಮನೆ ಮುಗಿಯುವಷ್ಟರಲ್ಲಿ ವ್ಯಾನ್‌ಬ್ರೂ ಕೂಡ ಇರಲಿಲ್ಲ.

ಅಲ್ಲಿ ಕಲ್ಲಿನ ಮನೆ. ಇಲ್ಲಿ ಇಟ್ಟಿಗೆಯ ಮನೆ. ಲಖನೌ ಇರುವುದು ನದಿ ತಂದು ಹರವಿದ ಮೆಕ್ಕಲು ಮಣ್ಣಿನ ಬಯಲಿನಲ್ಲಿ. ಹಾಗಾಗಿ ಅಲ್ಲಿನ ಕುಶಲಿಗಳು ‘ಲಖೌರಿ’ ಎಂಬ ತೆಳುವಾದ ಚಿಕ್ಕ ಇಟ್ಟಿಗೆಗಳನ್ನು ಗಾರೆಯಲ್ಲಿ ಕೂರಿಸಿ, ಮೇಲೆ ಸುಣ್ಣದ ಗಿಲಾವು ಮಾಡಿ, ಕಲ್ಲಿನ ಕಂಬ, ಕಮಾನುಗಳ ರೂಪವನ್ನೇ ತಂದರು.

1857ರ ಸಂಗ್ರಾಮದಲ್ಲಿ ಈ ವಿಹಾರಗೃಹ ರಣರಂಗವಾಯಿತು. ನವೆಂಬರ್ 14ರಂದು ಕಾಲಿನ್ ಕ್ಯಾಂಪ್‌ಬೆಲ್‌ನ ಸೇನೆ ಇದನ್ನು ವಶಪಡಿಸಿಕೊಂಡಿತು. ಹತ್ತು ದಿನಗಳ ನಂತರ ಜನರಲ್ ಹ್ಯಾವ್ಲಾಕ್ ಇಲ್ಲಿಯೇ ಆಮಶಂಕೆಯಿಂದ ಸತ್ತ. ಕಾಳಗದಲ್ಲಿ ಕಟ್ಟಡ ಜಖಂ ಆಯಿತು, ನಿಜ. ಆದರೆ ಇದನ್ನು ಪೂರ್ತಿ ಪಾಳುಗೆಡವಿದ್ದು ಆಮೇಲಿನ ಮಳೆಗಾಲಗಳು.

ಇದರ ಹಿಂದಿನ ವಿಜ್ಞಾನ ಸರಳ. ಗೋಡೆಯ ಮೈಮೇಲೆ ಬಿದ್ದ ಮಳೆ ಬಹುಪಾಲು ಜಾರಿಹೋಗುತ್ತದೆ. ಗೋಡೆಯ ನೆತ್ತಿಯ ಮೇಲೆ ಬಿದ್ದದ್ದು ಒಳಗೆ ಇಳಿಯುತ್ತದೆ. ನೆತ್ತಿಗೆ ರಕ್ಷಣೆ ಸೂರು. ಅದು ಹೋದರೆ ನೀರು ಗಾರೆಯನ್ನು ಸಡಿಲಗೊಳಿಸುತ್ತದೆ, ಗಿಲಾವು ಉಬ್ಬಿ ಉದುರುತ್ತದೆ. ಹಕ್ಕಿ ತಂದು ಹಾಕಿದ ಅರಳಿಯ ಬೀಜ ಆ ಸಂದಿಯಲ್ಲಿ ಬೇರೂರುತ್ತದೆ. ಬೇರು ದಪ್ಪವಾದಂತೆ ಇಟ್ಟಿಗೆಗಳು ಬೇರೆಬೇರೆಯಾಗುತ್ತವೆ.

ಇನ್ನು ಮೂಲ ಮನೆಯ ಗತಿ ನೋಡಿ. ಸೀಟನ್ ಡೆಲಾವಲ್‌ನ ನಡುಭಾಗ 1822ರ ಬೆಂಕಿಗೆ ತುತ್ತಾಗಿ ಬರಿಯ ಗೋಡೆಗಳು ಉಳಿದವು. 1860ರ ದಶಕದಲ್ಲಿ ಮತ್ತೆ ಛಾವಣಿ ಹೊದಿಸಿದರು. 2009ರಲ್ಲಿ ಅದು ನ್ಯಾಷನಲ್ ಟ್ರಸ್ಟ್‌ನ ವಶಕ್ಕೆ ಬಂತು. ಒಳಗೆ ಸುಟ್ಟ ಗುರುತುಗಳಿದ್ದರೂ ಮನೆ ನಿಂತಿದೆ. ದಿಲ್ಕುಶಾದ ನೆರೆಯಲ್ಲೇ ಕ್ಲಾಡ್ ಮಾರ್ಟಿನ್ ಕಟ್ಟಿಸಿದ ಮಹಲೂ 1857ರ ಹೊಡೆತ ತಿಂದಿತ್ತು. ಆದರೆ 1845ರಿಂದ ಅದು ಲಾ ಮಾರ್ಟಿನಿಯರ್ ಶಾಲೆ. ಹುಡುಗರು ಹಿಂದಿರುಗಿದರು, ದುರಸ್ತಿ ನಡೆಯಿತು. ಇಂದಿಗೂ ಅಲ್ಲಿ ಪಾಠದ ಗಂಟೆ ಬಾರಿಸುತ್ತದೆ.

ನಮ್ಮ ಕ್ಯಾಮೆರಾಗಳಿಗೆ ಪಾಳುಗೋಡೆಯೆಂದರೆ ಬಲು ಪ್ರೀತಿ. ಒಪ್ಪಿಕೊಳ್ಳುತ್ತೇನೆ. ಆದರೆ ಚಿತ್ರಕ್ಕೆ ಸೊಗಸಾಗಿ ಕಾಣುವ ಪ್ರತಿ ಬಿರುಕೂ ನೀರು ಇಳಿಯುವ ದಾರಿ. ನಿಮ್ಮ ಊರಿನಲ್ಲೂ ಒಂದು ವಾಡೆಯೋ ಗುತ್ತಿನ ಮನೆಯೋ ಇದ್ದೀತು. ಈ ಸಲ ಮುಂಗಾರಿಗೆ ಮುನ್ನ ಅದರತ್ತ ಒಮ್ಮೆ ಹೋಗಿಬನ್ನಿ. ಗೋಡೆಗಿಂತ ಮೊದಲು ತಲೆಯೆತ್ತಿ ಹೆಂಚು ನೋಡಿ. ಜಾರಿದ ನಾಲ್ಕು ಹೆಂಚುಗಳನ್ನು ಇಂದೇ ಕೂರಿಸಿದರೆ, ನಾಳೆ ಅದರ ಇತಿಹಾಸ ಬರೆಯುವವರು ‘ಇತ್ತು’ ಎನ್ನದೆ ‘ಇದೆ’ ಎಂದು ಬರೆದಾರು.