ಮದಾತ್ಯಯ ಪ್ರಕರಣವೂ ವಿದ್ಯಾರ್ಥಿಪಾನದ ಅನರ್ಥಗಳೂ

ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಮದಾತ್ಯಯವನ್ನು ಕುರಿತದ್ದು. ಮದ್ಯದಿಂದಾಗುವ ಕೇಡು ಮದ್ಯದ ಗುಣವೊಂದರಿಂದಲೇ ಹುಟ್ಟತಕ್ಕುದಲ್ಲವೆಂಬುದು ಅಲ್ಲಿಯ ನಿರೂಪಣೆಯ ತಿರುಳು. ಅನ್ನ, ಪಾನ, ವಯಸ್ಸು, ವ್ಯಾಧಿ, ಬಲ, ಕಾಲ, ದೋಷ, ಸತ್ತ್ವ ಎಂಬ ಎಂಟನ್ನೂ ಒಂದೊಂದರ ಮೂರು ಮೂರು ಭೇದಗಳೊಡನೆ ಅರಿತು ಕುಡಿಯಬೇಕೆಂದು ಶಾಸ್ತ್ರಕಾರನ ಮತ. ಜೊತೆಗಾರರು ಎಂಥವರಿರಬೇಕೆಂಬುದನ್ನೂ ಅವನು ಬಿಟ್ಟಿಲ್ಲ. ಇಷ್ಟನ್ನೆಲ್ಲ ವಿಚಾರಿಸಬಲ್ಲವನು ಕುಡಿಯದೆಯೇ ಇರಬಲ್ಲನೆಂದು ಓದುಗರಿಗೆ ತೋರಿದರೆ ಆಶ್ಚರ್ಯವಿಲ್ಲ.

ಇಂತಹ ಕಾರಣಸಾಮಗ್ರಿಯನ್ನು ಅಮೆರಿಕೆಯ ಕಾಲೇಜುಗಳಲ್ಲಿ ಅಂಕಿಗಳ ಮೂಲಕ ಪರೀಕ್ಷಿಸಿದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೆನ್ರಿ ವೆಕ್ಸ್ಲರ್ ಮತ್ತು ಅವರ ಸಂಗಡಿಗರು. 1993ರಲ್ಲಿ 140 ಕಾಲೇಜುಗಳ 17,000ಕ್ಕೆ ಮೇಲ್ಪಟ್ಟ ವಿದ್ಯಾರ್ಥಿಗಳನ್ನು ಪ್ರಶ್ನಿಸಲಾಗಿ, ಅವರಲ್ಲಿ ಶೇಕಡಾ 44 ಮಂದಿ ಹಿಂದಣ ಎರಡು ವಾರಗಳೊಳಗೆ ಅತಿಪಾನ ಮಾಡಿದ್ದರೆಂದು ತಿಳಿದುಬಂದಿತು. ಪುರುಷರು ಒಂದೇ ಸಲಕ್ಕೆ ಐದು ಪಾನಗಳನ್ನೂ ಸ್ತ್ರೀಯರು ನಾಲ್ಕನ್ನೂ ಕುಡಿಯುವುದೇ ಇಲ್ಲಿ ಅತಿಪಾನದ ಲಕ್ಷಣ. ಆ ದೇಶದ ಲೆಕ್ಕದಲ್ಲಿ ಒಂದು ಪಾನವೆಂದರೆ 14 ಗ್ರಾಂ ಮದ್ಯಸಾರ. ಅದನ್ನು ಅರಗಿಸಲು ದೇಹಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಆದುದರಿಂದ ಅಷ್ಟೇ ಮದ್ಯವನ್ನು ವಾರದುದ್ದಕ್ಕೂ ಹಂಚಿ ಕುಡಿದವನಿಗೂ ಒಂದೇ ರಾತ್ರಿ ಬರಿಯ ಹೊಟ್ಟೆಯಲ್ಲಿ ಕುಡಿದವನಿಗೂ ಫಲವು ಒಂದೇ ಆಗದು. ಸ್ತ್ರೀಶರೀರದಲ್ಲಿ ಜಲಾಂಶವು ಕಡಮೆಯಾದುದರಿಂದ ಅವರ ರಕ್ತದಲ್ಲಿ ಮದ್ಯಸಾರವು ಬೇಗ ಏರುತ್ತದೆ. ಅನ್ನ, ಬಲ, ಕಾಲ ಎಂಬ ಹಳೆಯ ಪದಗಳಿಗೆ ಇಲ್ಲಿ ಹೊಸ ವ್ಯಾಖ್ಯಾನ ದೊರೆತಂತಾಯಿತು.

ಸಹಾಯರ ವಿಷಯವು ಇನ್ನೂ ಗಮನಾರ್ಹ. ಗ್ರೀಕ್ ಅಕ್ಷರಗಳ ಹೆಸರುಳ್ಳ ಸೋದರಮಂಡಲಿಗಳ ಮನೆಗಳಲ್ಲಿ ವಾಸಿಸುವವರಲ್ಲಿ ಐವರಿಗೆ ನಾಲ್ವರಿಗಿಂತ ಹೆಚ್ಚು ಮಂದಿ ಅತಿಪಾನಿಗಳಾಗಿದ್ದರು. ಪ್ರೌಢಶಾಲೆಯಲ್ಲಿಯೇ ಅತಿಪಾನದ ರೂಢಿ ಹತ್ತಿದವರಿಗೆ ಕಾಲೇಜು ಅದನ್ನು ಬಲಪಡಿಸುವ ಸ್ಥಾನವಾಯಿತು. ವೆಸ್ಲಿ ಪರ್ಕಿನ್ಸ್ ಮತ್ತು ಅಲನ್ ಬರ್ಕೊವಿಟ್ಸ್ ಎಂಬುವರು 1986ರಲ್ಲಿ ಇನ್ನೊಂದು ಕಾರಣವನ್ನು ತೋರಿಸಿದ್ದರು: ವಿದ್ಯಾರ್ಥಿಯು ತನ್ನ ಸಹಪಾಠಿಗಳು ಪಾನಕ್ಕೆ ಇರುವುದಕ್ಕಿಂತ ಹೆಚ್ಚು ಅನುಕೂಲರೆಂದು ಭ್ರಮಿಸುತ್ತಾನೆ. ರಜ್ಜುವಿನಲ್ಲಿ ಸರ್ಪವನ್ನು ಕಂಡಂತೆಯೇ ಇದು. ಆದರೆ ಹಗ್ಗವೆಂದು ಹೇಳಿದ ಮಾತ್ರಕ್ಕೆ ಭಯ ಹೋಗಲಿಲ್ಲ. ನಿಜವಾದ ಅಂಕಿಗಳನ್ನು ಪ್ರಕಟಿಸಿ ಭ್ರಮೆಯನ್ನು ನೀಗಲು ಯತ್ನಿಸಿದ ಕಾಲೇಜುಗಳಲ್ಲಿ ಪಾನವು ತಗ್ಗಿದುದು ಕಾಣಲಿಲ್ಲವೆಂದು ವೆಕ್ಸ್ಲರರ ಬಳಗವು 2003ರಲ್ಲಿ ವರದಿಮಾಡಿತು. ಈ ವಿವಾದದಲ್ಲಿ ವೆಕ್ಸ್ಲರರ ಪಕ್ಷವೇ ಪ್ರಬಲವೆನ್ನಬೇಕು. ಅಗ್ಗದ ಮದ್ಯವೂ ಮಂಡಲಿಗಳ ಕೂಟಗಳೂ ಹಾಗೆಯೇ ಉಳಿದಿರಲು ಜ್ಞಾನಮಾತ್ರದಿಂದ ನಿವೃತ್ತಿಯು ಸಿದ್ಧಿಸುವುದೆಂತು?

ಚಿಕಿತ್ಸಾಗ್ರಂಥವಾದ ಕಾರಣ ಚರಕಸಂಹಿತೆಯ ದೃಷ್ಟಿಯು ಮುಖ್ಯವಾಗಿ ಕುಡಿಯುವವನ ಮೇಲಿದೆ. ಹಾರ್ವರ್ಡ್ ಪರೀಕ್ಷೆಯು ಕುಡಿಯದವರನ್ನೂ ಕೇಳಿತು. ನಿದ್ರಾಭಂಗ, ಅವಮಾನ, ಕುಡಿದ ಗೆಳೆಯನ ಶುಶ್ರೂಷೆ ಇವು ಅವರ ಪಾಲಿಗೆ ಬಂದಿದ್ದವು; ಅತಿಪಾನಿಗಳು ಹೆಚ್ಚಾಗಿರುವ ಕಾಲೇಜುಗಳಲ್ಲಿ ಇಂತಹ ಉಪದ್ರವವೂ ಹೆಚ್ಚಾಗಿದ್ದಿತು.